ಎಂಟು ಮೊಳ ಉಣ್ಣೆ

೨೦೨೪ರ ಸೆಪ್ಟೆಂಬರ್ ಇಪ್ಪತ್ತೊಂದು, ಶನಿವಾರ, ಬೆಳಗಿನ ಹತ್ತೂವರೆ ಗಂಟೆಗೆ ಲಂಡನ್ನಿನ ಇಲ್ಫರ್ಡಿನ ಆ ಮನೆಯಲ್ಲಿ ಮಡಿಯ ಪಂಚೆ ಎಂದು ಇದ್ದದ್ದು ಒಂದೇ ಒಂದು. ಅದನ್ನು ಪಕ್ಕದ ಮನೆಯ ರೆನ್ನಿ ತಂತಿಯಿಂದ ತೆಗೆದು, ಇಸ್ತ್ರಿ ಮಾಡಿ, ಅಂಚಿಗೆ ಅಂಚು ಕೂಡುವಂತೆ ಮಡಚಿ, ಎರಡೂ ಅಂಗೈಗಳ ಮೇಲೆ ಇಟ್ಟುಕೊಂಡು ಹಿತ್ತಲ ಬಾಗಿಲಲ್ಲಿ ನಿಂತಿದ್ದರು.

“ಮಳೆ ಶುರುವಾಯಿತು, ನಿಮ್ಮಲ್ಲಿ ಯಾರೂ ಹೊರಗೆ ಕಾಣಲಿಲ್ಲ,” ಎಂದರು ರೆನ್ನಿ, ತಮ್ಮ ದಪ್ಪನೆಯ ಸ್ಕಾಟಿಷ್ ಇಂಗ್ಲಿಷಿನಲ್ಲಿ. “ಸ್ವಲ್ಪ ತೇವವಿತ್ತು. ಇಸ್ತ್ರಿ ಹಾಕಿಬಿಟ್ಟೆ.”

ಅನಿರುದ್ಧ ಆಗತಾನೇ ಅಂಗಡಿಯಿಂದ ಬಾಳೆಯೆಲೆ ತಂದು ಒಳಗೆ ಕಾಲಿಟ್ಟಿದ್ದ. ಅವನು ಪಂಚೆಗೆ ಕೈ ಚಾಚಲಿಲ್ಲ. ಒಲೆಯ ಮುಂದೆ ನಿಂತಿದ್ದ ಅವನ ಸೋದರತ್ತೆ ಚಂಪಾತ್ಯಾ ಸೌಟನ್ನು ಕೆಳಗಿಟ್ಟರು.

“ಮುಟ್ಟಿದನಲ್ಲೋ ಅನ್ಯಾ,” ಎಂದರು ಅನಿರುದ್ಧನಿಗೆ. “ಬರೇ ಮುಟ್ಟಿಲ್ಲ, ಇಸ್ತ್ರಿ ಬ್ಯಾರೆ ತಿಕ್ಯಾನ.”

“ಏನಂದರು?” ಎಂದು ರೆನ್ನಿ ಕೇಳಿದರು.

“ಥ್ಯಾಂಕ್ ಯೂ ಅಂದರು,” ಎಂದ ಅನಿರುದ್ಧ.

ಅಂದು ಭಾದ್ರಪದ ಬಹುಳ ಚತುರ್ಥಿ, ಅನಿರುದ್ಧನ ತಂದೆ ತೀರಿಕೊಂಡ ತಿಥಿ. ಪಿತೃಪಕ್ಷದಲ್ಲಿ ಆ ತಿಥಿಯ ಮಧ್ಯಾಹ್ನ ಮಗನಾದವನು ಮಡಿಯುಟ್ಟು ಪಿಂಡ ಇಡಬೇಕು. ಹೋದ ವರ್ಷ ಅವನು ಆಫೀಸಿನ ಕೆಲಸದ ಮೇಲೆ ಡಬ್ಲಿನ್ನಿಗೆ ಹೋಗಿ ಅದನ್ನು ತಪ್ಪಿಸಿದ್ದ. ತಪ್ಪಿಸಿದ್ದನ್ನು ಧಾರವಾಡದಲ್ಲಿ ಕುಳಿತು ನೆನಪಿಟ್ಟವರು ಚಂಪಾತ್ಯಾ. ಎಂಬತ್ತರ ಹತ್ತಿರದ ಈ ಹೆಂಗಸು ಲಂಡನ್ನಿನ ಇನ್ನೊಂದು ತುದಿಯಲ್ಲಿರುವ ಕಿಂಗ್ಸ್‌ಬರಿಯ ಮಗನ ಮನೆಗೆ ಬಂದು ಒಂದೂವರೆ ತಿಂಗಳಾಗಿದ್ದರೂ ಇಲ್ಫರ್ಡಿನ ಕಡೆ ಮುಖ ಹಾಕಿರಲಿಲ್ಲ. “ಹೆಣ್ಣುಹುಡುಗರ ಹಂಗ ಪರಕಾರ ಉಟಗೊಂಡು ಪ್ಯಾಟಿ ತಿರುಗೋನ ಮನಿಗೆ ನಾ ಬರಂಗಿಲ್ಲ” ಎಂದು ಫೋನಿನಲ್ಲೇ ತೀರ್ಮಾನ ಕೊಟ್ಟಿದ್ದರು; ಪರಕಾರ ಎಂದರೆ ಅವರ ಕಡೆ ಲಂಗ. ಈಗ ಬಂದದ್ದು ಅಣ್ಣನಿಗಾಗಿ. ಹಿಂದಿನ ಸಂಜೆ ಬಂದವರು ಒಂದು ಲೋಟ ಹಾಲಿನ ಹೊರತು ಏನನ್ನೂ ಮುಟ್ಟಿರಲಿಲ್ಲ. ಪಿಂಡವಾದರೆ ಊಟ, ಆಗದಿದ್ದರೆ ಹಸಿದ ಹೊಟ್ಟೆಯಲ್ಲೇ ಕಿಂಗ್ಸ್‌ಬರಿಗೆ, ಮತ್ತೆ ಈ ಹೊಸ್ತಿಲು ತುಳಿಯುವ ಮಾತಿಲ್ಲ. ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಇಷ್ಟನ್ನೂ ಹೇಳಿ ಮುಗಿಸಿದ್ದರು.

ಪಂಚೆ ಹಿತ್ತಲಿಗೆ ಹೋದದ್ದೂ ಅವರ ಮಾತಿನಿಂದಲೇ. ಮನೆಯಲ್ಲಿ ಬಚ್ಚಲು ಒಂದೇ, ಅದರೊಳಗೇ ಕಕ್ಕಸು. “ಅಲ್ಲಿ ಒಣಗಿದ್ದು ಹೆಂಗ ಮಡಿ ಆದೀತೋ?” ಎಂದಿದ್ದರು. ಅನಿರುದ್ಧ ನಸುಕಿನಲ್ಲಿ ಮಿಂದು, ಪಂಚೆ ಹಿಂಡಿ, ಒದ್ದೆ ಮೈಯಲ್ಲೇ ಹೋಗಿ ಹಿತ್ತಲ ತಂತಿಯ ಮೇಲೆ ಹರವಿ ಬಂದಿದ್ದ. ಇನ್ನು ಅದನ್ನು ಮತ್ತೊಮ್ಮೆ ಮಿಂದ ಮೇಲೆ ಅವನೇ ಮುಟ್ಟಬೇಕು. ಬೇರೆ ಯಾರ ಕೈ ತಾಗಿದರೂ ಅದು ಬರೀ ಬಟ್ಟೆ. ಹಾಗೆಂದು ರೆನ್ನಿಗೆ ಯಾರೂ ಹೇಳಿರಲಿಲ್ಲ. ಎರಡು ಹಿತ್ತಲುಗಳ ನಡುವಿನ ಬೇಲಿಯಲ್ಲಿ ಹಲಗೆ ಕಿತ್ತು ದಾರಿ ಮಾಡಿಕೊಂಡಿದ್ದ ನೆರೆಹೊರೆ ಅದು. ಮಳೆ ಬಂದಾಗ ಒಬ್ಬರ ಬಟ್ಟೆಯನ್ನು ಇನ್ನೊಬ್ಬರು ತೆಗೆದಿಡುವುದು ಬಹಳ ವರ್ಷಗಳ ರೂಢಿ.

“ಇನ್ನೊಂದ್ಸಲ ನೆನೆಸಿ ಡ್ರೈಯರ್‌ಗೆ ಹಾಕ್ಬಿಡ್ಲಾ ಅತ್ತೆ?” ಎಂದಳು ಅನಿರುದ್ಧನ ಹೆಂಡತಿ ವೇದಾ. ಅವಳು ಮೈಸೂರಿನವಳು. “ಬೇಗ ಆಗೋಗುತ್ತೆ.”

“ಅದರಾಗ ನಿನ್ನಿ ಏನ ತಿರುಗಿಸಿದ್ದಿ?”

ನಿನ್ನೆ ತಿರುಗಿಸಿದ್ದು ಕಾಲುಚೀಲ.

“ರೇಡಿಯೇಟರ್ ಮ್ಯಾಲೆ ಹಾಕಿದ್ರ?” ಎಂದ ಅನಿರುದ್ಧ.

“ಅದರ ಮ್ಯಾಲೂ ಕಾಲುಚೀಲನ ಒಣಗ್ತಾವಲ್ಲೋ. ಈ ಮನ್ಯಾಗ ಕಾಲುಚೀಲ ಕಾಣದ ಜಾಗಾ ಯಾವದರ ಅದ ಏನು?”

“ಒದ್ದೀನ ಉಟಗೋತೀನಿ ಅತ್ಯಾ.”

“ಒದ್ದೀ ಬಟ್ಟಿ ಉಟ್ಟು ಪಿಂಡಾ ಹಿಡದ್ರ ನಿಮ್ಮಪ್ಪ ತಗೋತಾನೇನು? ಬದುಕಿದ್ದಾಗ ಒದ್ದೀ ಟಾವೆಲ್ ಕುರ್ಚಿ ಮ್ಯಾಲೆ ಕಂಡ್ರ ಮನಿ ತಲಿ ಮ್ಯಾಲೆ ಮಾಡ್ತಿದ್ದ.”

ಆಚಾರ್ಯರು ಬರುವುದು ಹನ್ನೆರಡಕ್ಕೆ. ಪಂಚಾಂಗದ ಚತುರ್ಥಿಯನ್ನು ಲಂಡನ್ನಿನ ಗಡಿಯಾರಕ್ಕೆ ಇಳಿಸಿದರೆ ಅದು ಒಂದೂ ಮುಕ್ಕಾಲಿಗೆ ಮುಗಿಯುತ್ತಿತ್ತು. ಅಷ್ಟರೊಳಗೆ ಈ ಹವೆಯಲ್ಲಿ ಒಂದು ಕರವಸ್ತ್ರವೂ ಒಣಗುವಂತಿರಲಿಲ್ಲ.

“ನಾನೇನಾದರೂ ತಪ್ಪು ಮಾಡಿದೆನೇ?” ಎಂದರು ರೆನ್ನಿ. ಅವರು ಇನ್ನೂ ಅಲ್ಲೇ ಇದ್ದರು. ಪಂಚೆ ಇನ್ನೂ ಅಂಗೈಗಳ ಮೇಲಿತ್ತು. ಈ ಬಾರಿ ಅನಿರುದ್ಧ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ರೆನ್ನಿ ಕೊನೆಯವರೆಗೆ ಕೇಳಿದರು. “ಮುಟ್ಟಿದ್ದು ಸಾಲದೆಂದು ಇಸ್ತ್ರಿ ಬೇರೆ ಹಾಕಿದೆ,” ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು.

ಅವರು ಎಂದಿನಂತೆ ಕಿಲ್ಟ್ ಉಟ್ಟಿದ್ದರು. ಮೊಣಕಾಲಿನವರೆಗೆ ಚೌಕಳಿ ಉಣ್ಣೆ, ಹಿಂದೆ ನಿರಿಗೆ, ಮುಂದೆ ಸಪಾಟು. ರೈಲು ಓಡಿಸುವ ಕೆಲಸದಿಂದ ನಿವೃತ್ತರಾದ ದಿನ ಸಮವಸ್ತ್ರದ ಪ್ಯಾಂಟನ್ನು ಚೀಲಕ್ಕೆ ತುಂಬಿ ಹಿಂದಿರುಗಿಸಿದವರು ಮತ್ತೆ ಪ್ಯಾಂಟಿಗೆ ಕಾಲು ತೂರಿಸಿರಲಿಲ್ಲ. ಕಸದ ಡಬ್ಬಿಯನ್ನು ಬೀದಿಗೆ ಎಳೆಯುವಾಗಲೂ ಕಿಲ್ಟ್, ಜಿಪಿ ಡಾಕ್ಟರ ಬಳಿ ಸರದಿ ಕಾಯುವಾಗಲೂ ಕಿಲ್ಟ್, ಏಣಿ ಹತ್ತಿ ಸೂರಿನ ದೋಣಿಯಿಂದ ಒಣಗಿದೆಲೆ ತೆಗೆಯುವಾಗಲೂ ಕಿಲ್ಟ್. ಏಣಿ ಹತ್ತಿದಾಗ ಮಾತ್ರ ಕೆಳಗೆ ಯಾರೂ ನಿಲ್ಲಬಾರದೆಂಬ ನಿಯಮ.

ಅನಿರುದ್ಧನ ಕಥೆ ಬೇರೆ. ನಾಲ್ಕು ವರ್ಷದ ಹಿಂದೆ ಅವನ ತೊಡೆಗೆ ಸರ್ಪಸುತ್ತು ಎದ್ದಿತು. ಹುಣ್ಣು ಮಾಯ್ದರೂ ಉರಿ ಮಾಯಲಿಲ್ಲ. ಪ್ಯಾಂಟಿನ ಅರಿವೆ ತಾಗಿದರೆ ಕೆಂಡ ಸವರಿದಂತಾಗುತ್ತಿತ್ತು. ಮನೆಯಲ್ಲಿ ಪಂಚೆ ಸಾಕಾಯಿತು. ರೈಲಿನ ನೂಕುನುಗ್ಗಲಿಗೆ, ಆಫೀಸಿನ ಲಿಫ್ಟಿಗೆ ಪಂಚೆಯನ್ನು ನಂಬುವ ಧೈರ್ಯ ಅವನಿಗಿರಲಿಲ್ಲ. ಆಗ ರೆನ್ನಿಯ ಹೆಂಡತಿ ಐಲೀನ್ ಅಳತೆಪಟ್ಟಿ ಹಿಡಿದು ಬೇಲಿಯ ದಾರಿಯಿಂದ ಬಂದರು; ಊರಿನಲ್ಲಿದ್ದಾಗ ಕಿಲ್ಟ್ ಹೊಲಿದೇ ಕೈ ಪಳಗಿದವರು. ತಿಂಗಳೊಳಗೆ ಒಂದನ್ನು ಹೊಲಿದು ಅವನ ಮಡಿಲಿಗಿಟ್ಟರು. ಮೊದಲ ದಿನ ಅವನು ಅದನ್ನು ನಿರಿಗೆ ಮುಂದೆ ಬರುವಂತೆ ಉಟ್ಟು ಹೊರಟಿದ್ದ. ನಿರಿಗೆಯ ಜಾಗ ಹೊಟ್ಟೆಯ ಮುಂದೆ ಎಂಬುದು ಅವನ ಮೈ ಉಪನಯನದಂದೇ ಕಲಿತ ಪಾಠ. ಗೇಟಿನಲ್ಲಿ ಸಿಕ್ಕ ರೆನ್ನಿ ತೋರುಬೆರಳನ್ನು ಗಾಳಿಯಲ್ಲಿ ಅರ್ಧ ಸುತ್ತು ತಿರುಗಿಸಿದರು. ಅನಿರುದ್ಧ ಒಳಗೆ ಹೋಗಿ ತಿರುಗಿಸಿ ಉಟ್ಟು ಬಂದ.

ಎಂಟು ತಿಂಗಳಿಗೆ ಉರಿ ಹೋಯಿತು. ಕಿಲ್ಟ್ ಹೋಗಲಿಲ್ಲ. ಆಫೀಸಿನಲ್ಲಿ ಯಾರೋ, “ನಿನ್ನ ತಾಯಿಯ ಕಡೆಯವರು ಸ್ಕಾಟಿಷ್ಷೇ?” ಎಂದು ಕೇಳಿದಾಗ, “ಅಲ್ಲ, ತೊಡೆಯ ಕಡೆಯವರು,” ಎಂದಿದ್ದ. ಕಿಂಗ್ಸ್‌ಬರಿಯ ಕನ್ನಡಿಗರ ಕೂಟದಲ್ಲಿ ಜನ ನಕ್ಕರು. ಅವರು ನಕ್ಕು ಮುಗಿಸುವವರೆಗೆ ನಿಂತಿದ್ದು, ಆಮೇಲೆ ಅದನ್ನೇ ಉಟ್ಟು ಪಂಕ್ತಿಗೆ ಸಾರು ಬಡಿಸಿದ. ಪ್ಲಾಟ್‌ಫಾರ್ಮಿನ ಗಾಳಿಗೆ ಯಾವ ಕಡೆ ಬೆನ್ನು ಕೊಡಬೇಕು, ಕೂರುವ ಮುನ್ನ ಹಿಂದಿನ ನಿರಿಗೆಯನ್ನು ಹೇಗೆ ಸವರಬೇಕು ಎಂಬುದೆಲ್ಲ ಈಗ ಯೋಚನೆಯಿಲ್ಲದೆ ನಡೆಯುತ್ತಿತ್ತು. ಐವತ್ತರ ಈಚೆಗೆ ತನ್ನ ನಡಿಗೆ ಸುಧಾರಿಸಿದೆ ಎಂಬುದು ಅವನ ಖಾಸಗಿ ಅಭಿಪ್ರಾಯ. ಐಲೀನ್ ಎರಡು ಚಳಿಗಾಲದ ಹಿಂದೆ ತೀರಿಕೊಂಡರು. ಅವನಿಗೆ ಹೊಲಿದುಕೊಟ್ಟ ಮೇಲೆ ಕಣ್ಣು ಮಂಜಾಗಿ ಅವರು ಮತ್ತೆ ಸೂಜಿ ಹಿಡಿದಿರಲಿಲ್ಲ.

ಚಂಪಾತ್ಯಾ ಪಂಚೆಯನ್ನು ನೋಡುತ್ತಿರಲಿಲ್ಲ. ರೆನ್ನಿಯ ಕಿಲ್ಟಿನ ಮೇಲೆ ಮಳೆಯ ಹನಿಗಳು ಅರಿವೆಗೆ ಇಳಿಯದೆ ಸಾಸಿವೆಯ ಹಾಗೆ ನಿಂತಿದ್ದವು. ಅವನ್ನು ನೋಡಿದರು. ಆಮೇಲೆ ಅನಿರುದ್ಧ ಉಟ್ಟಿದ್ದ ಕಿಲ್ಟನ್ನು ನೋಡಿದರು. ಅದರ ಮೇಲೂ ಸಾಸಿವೆ.

“ಅನ್ಯಾ, ಇಲ್ಲಿ ಬಾ. ಇದು ಏನು, ಉಣ್ಣೀನೋ?”

“ಹೌದ ಅತ್ಯಾ.”

“ಖರೇ ಉಣ್ಣೀನೋ, ಇಲ್ಲಾ ನಾಯ್ಲಾನೋ?”

ಉತ್ತರಕ್ಕೆ ಕಾಯದೆ ಬಗ್ಗಿ, ಮುಂದಿನ ಅಂಚಿನ ಕುಚ್ಚಿನಿಂದ ಒಂದು ಎಳೆ ಕಿತ್ತು ಗ್ಯಾಸಿನ ಉರಿಗೆ ಹಿಡಿದರು. ಎಳೆ ಸುರುಟಿ ಪುಡಿಪುಡಿ ಕರಿ ಬೂದಿಯಾಯಿತು. ಕೂದಲು ಸುಟ್ಟ ವಾಸನೆ ಅಡುಗೆಮನೆಯನ್ನು ತುಂಬಿತು.

“ಉಣ್ಣೀನ ಅದ,” ಎಂದರು. “ನಾ ಉಟ್ಟಿದ್ದು ಏನು ಇದು? ಧಾಬಳಿ. ಉಣ್ಣೀ ಸೀರಿ. ಉಣ್ಣಿಗೆ ಯಾರು ಮುಟ್ಟಿದ್ರೂ ಮೈಲಿಗಿ ಇಲ್ಲ. ಮಳಿಗಾಲದಾಗ ಪಂಚಿ ಒಣಗಲಿಲ್ಲಾಂದ್ರ ನಮ್ಮಪ್ಪ, ನಿಮ್ಮಜ್ಜ, ಧಾಬಳಿ ಸುತಗೊಂಡು ಪಕ್ಷಾ ಮಾಡಿದ್ದು ನಾ ಕಣ್ಣಾರೆ ನೋಡೀನಿ. ಬಿಚ್ಚು ಅದನ್ನ.”

ವೇದಾಳಿಗೆ ನಗು ತಡೆಯಲಾಗಲಿಲ್ಲ. “ಅತ್ತೆ, ಅದನ್ನ ಪರಕಾರ ಅಂತಿದ್ರಲ್ಲ ನೀವೇ!”

“ಪರಕಾರನ. ಹೊಲಿಗಿ ಇರೋತನಕ ಪರಕಾರ. ಹೊಲದ ಬಟ್ಟಿ ಉಟ್ಟು ಪಿಂಡಾ ಇಡೋ ಹಂಗಿಲ್ಲ. ಹೊಲಿಗಿ ಬಿಚ್ಚಿದ್ರ ಧಾಬಳಿ.”

ಅನಿರುದ್ಧನ ಕೈ ಸೊಂಟದ ಬಕಲಿನ ಮೇಲೆ ಹೋಗಿ ಅಲ್ಲೇ ನಿಂತಿತು.

“ಅತ್ಯಾ, ಇದು ಇವರ ಹೆಂಡತಿ ಕೈಲೆ ಹೊಲದದ್ದು. ಅವರು ಈಗಿಲ್ಲ.”

ಚಂಪಾತ್ಯಾ ರೆನ್ನಿಯನ್ನು ಮೊದಲ ಬಾರಿಗೆ ಮುಖವೆತ್ತಿ ನೋಡಿದರು. ಸಾರು ಕುದಿಯುತ್ತಿತ್ತು, ಉರಿ ಸಣ್ಣದು ಮಾಡಿದರು.

“ಹಂಗಿದ್ರ ಅವನನ್ನ ಕೇಳು,” ಎಂದರು. “ಒಲ್ಲೆ ಅಂದ್ರ ಬಿಡು, ಒತ್ತಾಯ ಮಾಡಬ್ಯಾಡ. ನಾ ಕಿಂಗ್ಸ್‌ಬರಿಗೆ ಹೋಗ್ತೀನಿ. ಅವರ ಮನಿ ಸತ್ತವರ ಕಡಿಂದ ಕಸಗೊಂಡು ನಮ್ಮ ಮನಿ ಸತ್ತವರಿಗೆ ಕೊಡೂದು ಬ್ಯಾಡ.”

ಅನಿರುದ್ಧ ಕೇಳಿದ. ಇಂಗ್ಲಿಷಿನಲ್ಲಿ ಅದನ್ನು ಕೇಳುವುದು ಅವನಿಗೆ ಸುಲಭವಾಗಲಿಲ್ಲ. ಎರಡು ಸಲ ಶುರುಮಾಡಿದ. ರೆನ್ನಿ ಪಂಚೆಯನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟು, ಬರಿದಾದ ಕೈಗಳನ್ನು ಏನು ಮಾಡಬೇಕೆಂದು ತಿಳಿಯದೆ ಬೆನ್ನ ಹಿಂದೆ ಕಟ್ಟಿಕೊಂಡರು.

“ಅವಳು ಕತ್ತರಿ ಹಾಕುತ್ತಿರಲಿಲ್ಲ,” ಎಂದರು ಕೊನೆಗೆ. “ಬೇರೆಯವರು ನಿರಿಗೆಯ ಒಳಗೆ ಕತ್ತರಿಸುತ್ತಾರೆ. ಅವಳು ಇಲ್ಲ. ಅದರೊಳಗೆ ಪೂರ್ತಿ ನಾಲ್ಕು ಗಜ ಇದೆ, ಮಗ್ಗದಿಂದ ಇಳಿದ ಹಾಗೆ. ನೀವೂ ಕತ್ತರಿಯಿಂದ ಬಿಚ್ಚಬೇಡಿ. ಅರಿವೆಗೆ ಪೆಟ್ಟಾಗುತ್ತದೆ. ತಾಳಿ.” ಬೇಲಿಯ ದಾರಿಯಿಂದ ಹೋಗಿ, ಹೊಲಿಗೆ ಬಿಚ್ಚುವ ಎರಡು ಸಣ್ಣ ಕೊಕ್ಕೆಗಳನ್ನು ತಂದರು.

ನಾಲ್ಕು ಗಜ ಎಂದರೆ ಎಂಟು ಮೊಳ. ಪಂಚೆಯ ಉದ್ದವೂ ಎಂಟು ಮೊಳ. ಇಷ್ಟು ದಿನ ಉಟ್ಟಿದ್ದರೂ ಈ ಲೆಕ್ಕ ಅನಿರುದ್ಧನಿಗೆ ಹೊಳೆದಿರಲಿಲ್ಲ.

ಅವನು ಹಳೆಯ ಲುಂಗಿ ಸುತ್ತಿಕೊಂಡು ಬಂದು, ಕಿಲ್ಟನ್ನು ಅಡುಗೆಮನೆಯ ಮುಂದಿನ ನೆಲದ ಮೇಲೆ ಮಗುಚಿ ಹರವಿದ. ವೇದಾ ಒಂದು ಕಡೆ ಕುಳಿತಳು, ಅವನು ಇನ್ನೊಂದು ಕಡೆ. ರೆನ್ನಿಗೆ ಬಾಗಿಲ ಹತ್ತಿರ ಕುರ್ಚಿ ಹಾಕಿದರು. “ತೊಗಲು ಮೊದಲ ತಗೀರಿ,” ಎಂದು ಒಲೆಯ ಬಳಿಯಿಂದ ಆಜ್ಞೆ ಬಂತು; ತೊಗಲಿನ ಪಟ್ಟಿ, ಬಕಲು ಮೊದಲು ಹೋದವು. ಮುಂದಿನದೆಲ್ಲ ರೆನ್ನಿ ಹೇಳಿದ ಕ್ರಮದಲ್ಲಿ: ಸೊಂಟಪಟ್ಟಿ, ಒಳಗಿನ ಅಸ್ತರಿ, ಆಮೇಲೆ ಒಂದೊಂದಾಗಿ ನಿರಿಗೆ. ಹೊಲಿಗೆ ಎಷ್ಟು ಸಣ್ಣದಾಗಿತ್ತೆಂದರೆ ಕೊಕ್ಕೆಯ ತುದಿ ಅದರೊಳಗೆ ಹೋಗಲು ಒಪ್ಪುತ್ತಿರಲಿಲ್ಲ. ಹೊರಬಂದ ದಾರಗಳನ್ನು ವೇದಾ ಕಸದ ಕಡೆ ಸರಿಸುತ್ತಿದ್ದಳು. ರೆನ್ನಿ ಕೈ ಚಾಚಿದರು. ಅವಳು ಅವರ ಕೈಗೆ ಕೊಡತೊಡಗಿದಳು. ಅವರು ಒಂದೊಂದನ್ನೂ ತೋರುಬೆರಳಿಗೆ ಸುತ್ತಿಕೊಂಡರು.

ಚಂಪಾತ್ಯಾ ಬಂದು ಬಗ್ಗಿ ನೋಡಿದರು. “ಏನ ಹೊಲಿಗೀನೋ ಇದು! ಬಿಚ್ಚಲಿಕ್ಕೆ ಬರಬಾರ್ದು ಅಂತನ ಹಾಕ್ಯಾಳ ನಿಮ್ಮಾಕಿ.”

ಅನಿರುದ್ಧ ಅನುವಾದಿಸಿದ.

“ಅವಳು ಹೊಲಿದದ್ದನ್ನು ಬಿಚ್ಚಬೇಕಾದರೆ ಇವರಂಥ ಇಬ್ಬರು ಎಂಜಿನಿಯರುಗಳೇ ಬೇಕು, ನೋಡಿ,” ಎಂದರು ರೆನ್ನಿ.

ಅದನ್ನೂ ಅನುವಾದಿಸಿದ. ಚಂಪಾತ್ಯಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಈ ಮನೆಗೆ ಬಂದ ಮೇಲೆ ಅವರು ನಕ್ಕದ್ದು ಅದೇ ಮೊದಲು.

ಹನ್ನೆರಡಕ್ಕೆ ಮುಂಚೆ ಅರಿವೆ ನೆಲದ ಮೇಲೆ ಉದ್ದಕ್ಕೆ ಬಿದ್ದಿತ್ತು, ಹಸಿರು ನೀಲಿ ಚೌಕಳಿ, ಈ ಗೋಡೆಯಿಂದ ಹೆಚ್ಚುಕಡಿಮೆ ಆ ಗೋಡೆಯವರೆಗೆ. ಚಂಪಾತ್ಯಾ ಅದರ ಮೇಲೆ ನೀರು ಪ್ರೋಕ್ಷಿಸಿದರು. ಅನಿರುದ್ಧ ಮಿಂದು ಬಂದು ಎಂಟು ಮೊಳವನ್ನೂ ಸೊಂಟಕ್ಕೆ ಸುತ್ತಿ, ನಿರಿಗೆ ಹಿಡಿದು ಮುಂದೆ ಸಿಕ್ಕಿಸಿ, ಕಚ್ಚೆ ಹಿಂದಕ್ಕೆಳೆದು ಕಟ್ಟಿದ. ಅಗಲ ಸಾಲದೆ ಮೊಣಕಾಲಿಗೆ ನಿಂತಿತು. ಅದಕ್ಕೆ ಅವನ ಮೊಣಕಾಲುಗಳಿಗೆ ಅಭ್ಯಾಸವಿತ್ತು.

ಆಚಾರ್ಯ ಕಶ್ಯಪ್ ಬೆಂಗಳೂರಿನ ಕಡೆಯ ಯುವಕ. ವಾರದ ದಿನಗಳಲ್ಲಿ ಸಾಫ್ಟ್‌ವೇರು, ಶನಿವಾರ ಭಾನುವಾರ ಪೌರೋಹಿತ್ಯ. ಒಳಗೆ ಬಂದವನು ಯಜಮಾನನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

“ಸಾರ್, ಇದು... ಸ್ಕಾಟಿಷ್ ಟಾರ್ಟನ್ ಅಲ್ವಾ?”

“ಧಾಬಳಿ,” ಎಂದರು ಚಂಪಾತ್ಯಾ.

“ಉಣ್ಣೆ ಆದ್ರೆ ಅಡ್ಡಿ ಇಲ್ಲ ಅಜ್ಜಿ. ಆದ್ರೆ ಚೆಕ್ಸ್ ಇದೆಯಲ್ಲ.”

“ಇರಲಿ ಬಿಡ್ರಿ ಆಚಾರ್ರ. ಇಷ್ಟ ದೂರ ಬರೋರು ಅವರು, ಪಿತೃಗಳು. ಲಂಡನ್ನಾಗ ಮಗಾ ಯಾವನು ಅಂತ ದೂರದಿಂದನ ಗುರ್ತ ಸಿಗತದ.”

ಕಶ್ಯಪ್ ದರ್ಭೆಯ ಕಟ್ಟು ಬಿಚ್ಚಿದ.

ಅನಿರುದ್ಧ ದಕ್ಷಿಣಕ್ಕೆ ಮುಖ ಮಾಡಿ ಕುಳಿತು, ಜನಿವಾರವನ್ನು ಬಲ ಹೆಗಲಿಗೆ ಬದಲಿಸಿದ. ತಂದೆಯ ಹೆಸರು ಹೇಳಿದಾಗ ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಅಜ್ಜ, ಮುತ್ತಜ್ಜ, ತಾಯಿ, ಅಜ್ಜಿ. ಅನ್ನದ ಪಿಂಡಗಳು ದರ್ಭೆಯ ಮೇಲೆ ಸಾಲಾಗಿ ಕುಳಿತವು. ಉಣ್ಣೆ ತೊಡೆಗೆ ಬೆಚ್ಚಗಿತ್ತು. ಹೋದ ವರ್ಷ ಡಬ್ಲಿನ್ನಿನ ಹೋಟೆಲಿನಲ್ಲಿ ಇದೇ ತಿಥಿಯ ಮಧ್ಯಾಹ್ನ ಯಾವುದೋ ಸಭೆಯ ನಡುವೆ ಎದ್ದು, ಕಾರಣವಿಲ್ಲದೆ ಕಾರಿಡಾರಿನಲ್ಲಿ ಅಡ್ಡಾಡಿದ್ದು ನೆನಪಾಯಿತು. ಆ ಚಡಪಡಿಕೆ ಈಗಿರಲಿಲ್ಲ.

ಸಾಲು ಮುಗಿಯುತ್ತ ಬಂದಿತ್ತು. ಪಕ್ಷದಲ್ಲಿ ಮನೆಯವರಾದ ಮೇಲೆ ಬಳಗಕ್ಕೆ, ಬಳಗವಾದ ಮೇಲೆ ಹೊರಗಿನವರಿಗೂ ಎಳ್ಳುನೀರು ಬಿಡುವ ಪದ್ಧತಿಯುಂಟು.

“ಇನ್ನು ಯಾರಾದ್ರೂ ಇದ್ದಾರಾ ಸಾರ್?” ಎಂದ ಕಶ್ಯಪ್. “ಗುರುಗಳು, ಸ್ನೇಹಿತರು, ಉಪಕಾರ ಮಾಡಿದೋರು?”

“ಐಲೀನ್,” ಎಂದ ಅನಿರುದ್ಧ.

ಬಾಗಿಲ ಹತ್ತಿರದ ಕುರ್ಚಿಯಲ್ಲಿ ರೆನ್ನಿ ಇನ್ನೂ ಕುಳಿತಿದ್ದರು. ಅಷ್ಟು ಹೊತ್ತೂ ತಿಳಿಯದ ಭಾಷೆಯನ್ನು ಮಳೆಯ ಸದ್ದಿನಂತೆ ಕೇಳುತ್ತಿದ್ದವರು ತಲೆಯೆತ್ತಿದರು. ಬೆರಳಿಗೆ ದಾರ ಸುತ್ತುತ್ತಿದ್ದ ಕೈ ನಿಂತಿತು.

“ಗೋತ್ರ?” ಎಂದ ಕಶ್ಯಪ್.

ಅನಿರುದ್ಧ ಬಾಯಿ ತೆರೆಯುವ ಮೊದಲೇ ಒಳಗಿನಿಂದ ಉತ್ತರ ಬಂತು. “ಗೊತ್ತಿಲ್ಲದವರಿಗೆ ಕಾಶ್ಯಪ ಗೋತ್ರ ಹೇಳೋದು ರೂಢಿ ಅಲ್ಲೇನ್ರಿ? ಅದನ್ನ ಹೇಳ್ರಿ. ಗೋತ್ರಕ್ಕಂತ ಆಕೀನ ಹೊರಗ ನಿಂದ್ರಸಬ್ಯಾಡ್ರಿ.”

ಕಶ್ಯಪ್ ಆ ಹೆಸರನ್ನು ಸಂಸ್ಕೃತದ ವಿಭಕ್ತಿಗೆ ಕೂರಿಸಲು ಒಂದು ಕ್ಷಣ ತಡೆದ, ಕೂರಲಿಲ್ಲ, ಇದ್ದ ಹಾಗೆಯೇ ಹೇಳಿದ. ಅನಿರುದ್ಧನ ಹೆಬ್ಬೆರಳಿನ ಪಕ್ಕದಿಂದ ಕರಿ ಎಳ್ಳು ಬೆರೆತ ನೀರು ತಟ್ಟೆಗೆ ಇಳಿಯಿತು, ಮೂರು ಸಲ. ಆಗ ಒಂದೂವರೆ ದಾಟಿತ್ತು. ಚತುರ್ಥಿ ಇನ್ನೂ ಸ್ವಲ್ಪ ಉಳಿದಿತ್ತು.

ಎಲ್ಲರ ಊಟವಾದ ಮೇಲೆ ಚಂಪಾತ್ಯಾ ಎಲೆಯ ಮುಂದೆ ಕುಳಿತರು. ಮೊದಲ ತುತ್ತು ನುಂಗಿ, “ಸಾರಿಗೆ ಉಪ್ಪು ಕಮ್ಮಿ ಆಗೇದ,” ಎಂದರು. ಮಾಡಿದವರು ಅವರೇ. ಎರಡು ಸಲ ಅನ್ನ ಹಾಕಿಸಿಕೊಂಡರು.

ಅನಿರುದ್ಧ ಪ್ಯಾಂಟು ಹಾಕಿಕೊಂಡು, ಅರಿವೆಯನ್ನು ಮಡಚಿ ಎದೆಗೊತ್ತಿಕೊಂಡು ಹಿತ್ತಲಿಗೆ ಬಂದ. ಮಳೆ ನಿಂತಿತ್ತು. ರೆನ್ನಿ ಬೇಲಿಯ ದಾರಿಯಲ್ಲಿ ನಿಂತಿದ್ದರು.

“ನೀನು ಅವಳ ಹೆಸರು ಹೇಳಿದೆ,” ಎಂದರು.

“ಹೌದು.”

ರೆನ್ನಿ ಅರಿವೆಯನ್ನು ಅವನ ಕೈಯಿಂದ ತೆಗೆದುಕೊಂಡರು. “ನಲವತ್ತು ವರ್ಷ ಅವಳ ಎದುರಿಗೆ ಕುಳಿತು ನೋಡಿದ್ದೇನೆ. ಹೊಲಿದು ಕೊಡುತ್ತೇನೆ. ಇದು ನನ್ನ ಮೇಲಿನ ಬಾಕಿ. ಯಾವಾಗ ಎಂದು ಮಾತ್ರ ಕೇಳಬೇಡ.”

“ಕೇಳುವುದಿಲ್ಲ,” ಎಂದ ಅನಿರುದ್ಧ.

ಅಡುಗೆಮನೆಯ ಕಿಟಕಿಯಿಂದ ಚಂಪಾತ್ಯಾ ಕೂಗಿದರು. “ಅನ್ಯಾ, ಸೋಮವಾರ ಆಫೀಸಿಗೆ ಏನ ಉಡ್ತೀಯೋ ಮತ್ತ?”

“ಇನ್ನೊಂದು ಅದ ಅತ್ಯಾ. ಉಣ್ಣೀದಲ್ಲ.”

“ಅದು ಪರಕಾರನ,” ಎಂದು ಕಿಟಕಿ ಹೇಳಿತು.

ಅಷ್ಟರಲ್ಲಿ ರೆನ್ನಿ ಒಳಗೆ ಹೋಗಿದ್ದರು; ಅನಿರುದ್ಧ ಬೇಲಿಯ ಬಳಿಯೇ ಇದ್ದ. ಆ ಕಡೆಯ ಮನೆಯ ಹಿಂಬದಿಯ ಕೋಣೆಯಲ್ಲಿ ರೆನ್ನಿ ಕಿಟಕಿಯ ಪಕ್ಕದ ಉದ್ದ ಮೇಜಿನ ಮೇಲಿದ್ದ ಪತ್ರಿಕೆ, ಲೋಟ, ರೇಡಿಯೊಗಳನ್ನು ಒಂದೊಂದಾಗಿ ಕೆಳಗಿಳಿಸಿ ಅರಿವೆಯನ್ನು ಹರವುತ್ತಿರುವುದು ಕಾಣುತ್ತಿತ್ತು. ಅಂಗೈಯಿಂದ ಅದನ್ನು ಒಂದು ತುದಿಯಿಂದ ಸವರುತ್ತ ಬಂದರು. ಎಷ್ಟು ಸವರಿದರೂ ಹಳೆಯ ನಿರಿಗೆಯ ಗೆರೆಗಳು ಅಳಿಯಲಿಲ್ಲ; ಒಂದರ ಪಕ್ಕ ಒಂದು, ಇದ್ದ ಜಾಗದಲ್ಲೇ ಇದ್ದವು. ರೆನ್ನಿ ಮೊದಲನೆಯ ಗೆರೆಯ ಮೇಲೆ ಬೆರಳಿಟ್ಟು, ಅದನ್ನು ಅಲ್ಲಿಂದ ತೆಗೆಯದೆ, ಇನ್ನೊಂದು ಕೈಯಿಂದ ಕನ್ನಡಕಕ್ಕಾಗಿ ತಡಕಾಡಿದರು.